ಆ ಹೆಸರಿನೋರು ಇಲ್ಲಿಲ್ಲ

ನಾನು ಈ ಊರಿನವಳು ಎಂದು ಸಾಬೀತು ಮಾಡಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಹುಟ್ಟಿದ್ದು ಇಲ್ಲೇ, ಯಲಹಂಕದ ಪಕ್ಕದ ಹಳ್ಳಿಯಲ್ಲಿ. ತಾಯಿ ಹೆರಿಗೆಯಲ್ಲೇ ಹೋದಳು, ಸಾಕಿದವಳು ದೊಡ್ಡಮ್ಮ. ಅರವತ್ತರ ದಶಕದ ಮೊದಲಲ್ಲಿ ನಾನು ನರ್ಸ್ ಕೆಲಸ ಕಲಿತು, ದಿನಾ ರೈಲು ಹಿಡಿದು ಪೇಟೆಯ ಆಸ್ಪತ್ರೆಗೆ ಹೋಗಿಬರುತ್ತಿದ್ದೆ. ಆಗ ಇಂಗ್ಲೆಂಡಿನ ಒಂದು ಆಸ್ಪತ್ರೆಯಿಂದ ಕಾಗದ ಬಂತು: ಬರುವುದಾದರೆ ಬನ್ನಿ, ಆರು ತಿಂಗಳು ಜಾಗ ಕಾದಿಟ್ಟಿರುತ್ತೇವೆ.

ನಾಚಿಕೆ ಬಿಟ್ಟು ಹೇಳುತ್ತೇನೆ, ಹೋಗಲು ತುದಿಗಾಲಲ್ಲಿ ನಿಂತಿದ್ದೆ. ಕಂಡವರ ಹೇಲುಚ್ಚೆ ಬಾಚುವವಳು ಎಂದು ಗಂಡಿನ ಕಡೆಯವರು ಹೊಸಿಲು ತುಳಿಯುತ್ತಿರಲಿಲ್ಲ. ನನ್ನ ಕೈಯ ನೀರು ಕುಡಿಯಲೂ ನೆಂಟರು ಹಿಂದೆಮುಂದೆ ನೋಡುತ್ತಿದ್ದರು. ಸಾಕಾಗಿಹೋಗಿತ್ತು.

ಪಾಸ್‌ಪೋರ್ಟಿಗೆ ಅರ್ಜಿ ಹಾಕಿದೆ. ವಿಚಾರಿಸಲು ಪೊಲೀಸರು ಮನೆಗೆ ಬರುತ್ತಾರೆಂದು ದೊಡ್ಡಮ್ಮನಿಗೆ ಹೇಳಿಯೂ ಇದ್ದೆ. ಪೇದೆ ಬಂದ ದಿನ ನಾನು ಡ್ಯೂಟಿಯಲ್ಲಿದ್ದೆ. ದೊಡ್ಡಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ, ಆ ಹೆಸರಿನೋರು ಇಲ್ಲಿಲ್ಲ ಎಂದಳಂತೆ. ಅವಳು ಇಲ್ಲ ಎಂದ ಮೇಲೆ ಬೀದಿಯವರೆಲ್ಲ ಇಲ್ಲ ಎಂದರು. ಪೊಲೀಸರು ಹುಡುಕಿಕೊಂಡು ಬಂದರೆ ತಮ್ಮವರನ್ನು ಬಿಟ್ಟುಕೊಡುವ ಊರಲ್ಲ ನಮ್ಮದು. ಪಕ್ಕದ ಮನೆಯವನಂತೂ ಅಂಥವಳನ್ನು ಕಂಡೇ ಇಲ್ಲ ಎಂದು ದೇವರಾಣೆ ಇಟ್ಟನಂತೆ. ಹಿಂದಿನ ದಿನವಷ್ಟೇ ಅವನ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿದ್ದೆ, ಮಹಾರಾಯನಿಗೆ.

ಅಲ್ಲಿಂದ ಶುರುವಾಯಿತು ಅಲೆದಾಟ. ಠಾಣೆ, ಶಾನುಭೋಗರ ಮನೆ, ತಾಲ್ಲೂಕು ಕಚೇರಿ, ಮತ್ತೆ ಠಾಣೆ. ಕೆಲಸ ಮುಗಿಸಿ ಹೋಗಿ ಬೆಂಚಿನ ಮೇಲೆ ತೂಕಡಿಸುತ್ತಿದ್ದೆ. ಸಾಹೇಬರಿಲ್ಲ, ನಾಳೆ ಬಾ ಎನ್ನುತ್ತಿದ್ದರು. ಹುಟ್ಟಿದೂರಿನಲ್ಲಿ ಇದ್ದೇನೆ ಎನ್ನಲು ಇಷ್ಟು ಚಪ್ಪಲಿ ಸವೆಸಬೇಕೇ ಎಂದು ಮೊದಮೊದಲು ಮೈಯೆಲ್ಲ ಉರಿಯುತ್ತಿತ್ತು. ಆಮೇಲಾಮೇಲೆ ಸಿಟ್ಟು ಮಾಡಲೂ ತ್ರಾಣವಿರಲಿಲ್ಲ. ದೊಡ್ಡಮ್ಮನನ್ನು ಮಾತ್ರ ಬೈಯಲಿಲ್ಲ. ಖಾಕಿ ಕಂಡು ಹೆದರಿದ್ದಾಳೆ, ಪಾಪ, ಅಂದುಕೊಂಡಿದ್ದೆ.

ಕೊನೆಗೆ ಇನ್ಸ್‌ಪೆಕ್ಟರು, ಊರಿನ ಐದು ಜನ ಬಂದು ಹೆಬ್ಬೆಟ್ಟು ಒತ್ತಲಿ, ಮೊದಲು ಇಲ್ಲ ಎಂದ ಆ ಹೆಂಗಸೂ ಬರಲಿ ಎಂದರು. ದೊಡ್ಡಮ್ಮ ಮಡಿಚಿಟ್ಟಿದ್ದ ಸೀರೆ ಉಟ್ಟು ಬಂದಳು. ಅವತ್ತು ಪೇದೆಗೆ ಹೆದರಿ ಸುಳ್ಳು ಹೇಳಿದ್ದಾ ಎಂದು ಅವರು ಕೇಳಿದರು.

"ಎದರ್ಕಂಡಲ್ಲ ಸ್ವಾಮಿ," ಎಂದಳು ದೊಡ್ಡಮ್ಮ. "ಇವ್ಳು ಓಗ್ದೆ ಇರ್ಲಿ ಅಂತ್ಲೇ ಏಳ್ದೆ. ಈಗ ನೋಡಿ, ಇಲ್ಲಿಗೆ ಅಲ್ದೂ ಅಲ್ದೂ ಕಡ್ಡಿ ಆಗವ್ಳೆ. ಎಲ್ಲಿ ಒತ್ಬೇಕು ತೋರ್ಸಿ."

ಒತ್ತಿದಳು. ಮನೆಯವರೆಗೂ ಮಸಿ ಸೀರೆಗೆ ತಾಗದಂತೆ ಆ ಬೆರಳನ್ನು ದೂರ ಹಿಡಿದುಕೊಂಡೇ ನನ್ನ ಮುಂದೆ ನಡೆದಳು.

ಪಾಸ್‌ಪೋರ್ಟ್ ಬಂತು. ಅಲ್ಲಿ ಜಾಗವೂ ಇನ್ನೂ ಇತ್ತು. ನಾನು ಹೋಗಲಿಲ್ಲ. ಯಾಕೆ ಎಂದವರಿಗೆ, ನಮ್ಮ ದೇಶ ಬಿಟ್ಟು ಹೇಗೆ ಹೋಗಲಿ ಎನ್ನುತ್ತಿದ್ದೆ. ವಾರ್ಡಿನ ಡಾಕ್ಟರು ಭೇಷ್ ಎಂದರು. ದೇಶವೂ ಇಲ್ಲ, ಮಣ್ಣೂ ಇಲ್ಲ. ದಣಿದುಹೋಗಿದ್ದೆ, ಅಷ್ಟೇ. ಮತ್ತೆ, ನಾನು ಬೇಕು ಅಂತ ನನ್ನನ್ನೇ ಇಲ್ಲ ಎಂದವಳು ಇನ್ನೊಂದು ದೇಶದಲ್ಲಿ ಎಲ್ಲಿ ಸಿಗುತ್ತಾಳೆ?