ಹಳೆಯ ಗ್ರಾಹಕರು

ವಿಜಯಪುರದಿಂದ ಬಂದು ಮುಂಬಯಿಯ ಬೊರಿವಲಿಯಲ್ಲಿ ನೆಲೆಸಿದ ರಂಜನಾ, ಅಂಧೇರಿಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಬಳಕೆಯ ಸೂಚನೆ ಬರೆಯುವವಳು. ಮೊದಲು ಮನುಷ್ಯರಿಗಾಗಿ ಬರೆಯುತ್ತಿದ್ದಳು, ಅವರು ಓದುತ್ತಿರಲಿಲ್ಲ. ಈಗ, ಹೇಳಿದ ಕೆಲಸವನ್ನು ಟೂಲುಗಳ ಮೂಲಕ ತಾವೇ ಮಾಡಿಮುಗಿಸುವ ಎಐ ಏಜೆಂಟುಗಳಿಗೆ ಬರೆಯುತ್ತಾಳೆ. ಅವು ಒಂದಕ್ಷರ ಬಿಡದೆ ಓದುತ್ತವೆ. ತಲೆನೋವು ಶುರುವಾದದ್ದೇ ಅಲ್ಲಿಂದ.

ಗ್ರಾಹಕರ ದಾಖಲೆಗಳನ್ನು ಪಟ್ಟಿಯಿಂದ ತೆಗೆದು ಆರ್ಕೈವಿನಲ್ಲಿಡುವ ಹೊಸ ಟೂಲ್ ಒಂದಕ್ಕೆ ಅವಳು ಪುಟ ತುಂಬ ಬರೆದುಕೊಟ್ಟಿದ್ದಳು. ಟೂಲ್ ಕಟ್ಟಿದ ಮಂಗಳೂರಿನ ರೋಶನ್ ಅದನ್ನು ಒಂದೇ ಸಾಲಿಗೆ ಇಳಿಸಿದ: ‘ಹಳೆಯ ದಾಖಲೆಗಳನ್ನು ಆರ್ಕೈವ್ ಮಾಡುತ್ತದೆ.’

“ಹಳೇದು ಅಂದ್ರ ಯಾವ್ದು ಅಂತ ಏಜೆಂಟಿಗೆ ಹೆಂಗ ತಿಳೀಬೇಕ್ರಿ?” ಎಂದು ರಂಜನಾ ರೇಗಿದಳು.

“ಅದಕ್ಕೆ ಬುದ್ಧಿ ಉಂಟು ಮಾರಾಯ್ರೆ. ಅಷ್ಟುದ್ದ ಯಾಕೆ?”

ಮರುವಾರ ಮಸಾಲೆ ವ್ಯಾಪಾರಿಯೊಬ್ಬ ತನ್ನ ಏಜೆಂಟಿಗೆ ಗ್ರಾಹಕರ ಪಟ್ಟಿ ಚೊಕ್ಕ ಮಾಡಲು ಹೇಳಿದ. ಅಂಗಡಿ ತೆರೆದಂದಿನಿಂದ ತಪ್ಪದೆ ಕೊಳ್ಳುತ್ತಿದ್ದ ಉಡುಪಿ ಹೋಟೆಲಿನವರನ್ನೆಲ್ಲ ಅದು ಹಳಬರೆಂದು ಎತ್ತಿಟ್ಟಿತು. ಪಟ್ಟಿಯಲ್ಲಿ ಹೆಸರಿಲ್ಲದ್ದರಿಂದ ಅವರಾರಿಗೂ ಮಾಲು ಹೋಗಲಿಲ್ಲ. ವ್ಯಾಪಾರಿಯ ಫೋನು ಬಂದಾಗ ಕಚೇರಿಯವರೆಲ್ಲ ಅದನ್ನು ರಂಜನಾಳ ಕೈಗಿತ್ತರು. ಸೂಚನೆ ಬರೆದವಳು ಅವಳಲ್ಲವೇ! ಅರ್ಧ ಗಂಟೆ ಬೈಗುಳ ಕೇಳಿ ಅವಳ ಕಿವಿ ಕಾದಿತ್ತು.

ಏನೂ ಅಳಿಸಿಹೋಗಿರಲಿಲ್ಲವಾದ್ದರಿಂದ ರೋಶನ್ ದಾಖಲೆಗಳನ್ನು ವಾಪಸು ತಂದ. ರಂಜನಾ ಹಲ್ಲು ಕಚ್ಚಿಕೊಂಡು ಮತ್ತೆ ಪುಟ ತುಂಬ ಬರೆದಳು: ಗ್ರಾಹಕ ಎಂದಿನಿಂದ ಇದ್ದಾನೆಂದು ನೋಡಬೇಡ, ಕೊನೆಯ ಬಾರಿ ಯಾವಾಗ ಕೊಂಡನೆಂದು ನೋಡು, ಎತ್ತಿಡುವ ಮುನ್ನ ಹೆಸರುಗಳನ್ನು ತೋರಿಸಿ ಒಪ್ಪಿಗೆ ಕೇಳು.

ರೋಶನ್ ಓದಿ ನೋಡಿದ. “ಲಾಯ್ಕ್ ಉಂಟು. ಸ್ವಲ್ಪ ಚಿಕ್ಕದು ಮಾಡುವನಾ?”

“ಒಂದ ಅಕ್ಷರ ಮುಟ್ಟಿದ್ರೂ ಮುಂದಿನ ಫೋನ್ ನೀವ ಎತ್ತಬೇಕ್ರಿ.”

ಪುಟ ಹಾಗೆಯೇ ಉಳಿಯಿತು.