ಹಸಿದ ಕೌದಿ

ನಮ್ಮ ಅತ್ತೆ ಮುದಕವ್ವ ಒಳ್ಳೆಯವಳೆಂದು ನಾನು ಬರೆಯಲಾರೆ. ಇಪ್ಪತ್ತಾರು ವರ್ಷ ಅವಳ ಬಾಯಿಂದ ಬೈಸಿಕೊಂಡೇ ಬಾಳಿದ್ದೇನೆ. ನಾನು ಹಾಕಿದ ಹೊಲಿಗೆಯನ್ನೆಲ್ಲ ಬಿಚ್ಚಿ, "ಸುವರ್ಣಾ, ನಿನ್ನ ಕೈಯಾಗ ಸೂಜಿ ಕೊಡೂದೂ ಒಂದ, ಕುರಿ ಬಾಯಾಗ ಕೊಡೂದೂ ಒಂದ" ಎನ್ನುತ್ತಾಳೆ. ಎಪ್ಪತ್ತೆಂಟು ವಯಸ್ಸು. ಕೌಜಲಗಿಯಲ್ಲಿ ಅವಳಂತೆ ಕೌದಿ ಹೊಲಿಯುವವರಿಲ್ಲ, ಅವಳಂಥ ಜಗಳಗಂಟಿಯೂ ಇಲ್ಲ.

ಎಪ್ಪತ್ತರ ತನಕ ಅವಳೂ ಎಲ್ಲರಂತೆ ಹಳೆ ಸೀರೆಯ ಚೌಕ ತುಂಡು ಕೂಡಿಸಿದವಳೇ. ಮಾವ ತೀರಿಕೊಂಡು ಮನೆಯ ಕುರಿ ಮಾರಿದ ವರ್ಷ ಏನಾಯಿತೋ, ಆ ಹಿಂಡನ್ನೇ ಚಿತ್ರವಾಗಿ ಬಟ್ಟೆಗೆ ಇಳಿಸಿದಳು. ಬಾವಿ ಸುತ್ತುವ ಹಿಂಡು, ಮಳೆಗೆ ಒತ್ತೊತ್ತಿ ನಿಂತ ಹಿಂಡು. ಒಮ್ಮೆ ಹೊಲಿದದ್ದನ್ನು ಇನ್ನೊಮ್ಮೆ ಹೊಲಿಯಲಿಲ್ಲ. ತುಂಡುಗಳನ್ನು ಪಡಸಾಲೆಯಲ್ಲಿ ಹರವಿ, ಸುತ್ತ ತಿರುಗಾಡುತ್ತ ಅವಕ್ಕೂ ಬೈಯುತ್ತಾಳೆ.

ಗಂಡನ ಹೆಸರು ಹೇಳಬಾರದಂತೆ, ಇವತ್ತು ಹೇಳುತ್ತೇನೆ: ಅಶೋಕ. ಮೂಡಲಗಿಯಲ್ಲಿ ಗೊಬ್ಬರದ ಅಂಗಡಿ ಇದೆ. ಅಲ್ಲಿ ಯಾರೋ ದುರ್ಗಪ್ಪನೆಂಬ ಗಿರಾಕಿ, "ನಿಮ್ಮವ್ವ ಇನ್ನೂ ಮಂದಿ ಹಳೇ ಸೀರಿ ಹೊಲೀತಾಳಂತಲ್ಲೋ, ಮನ್ಯಾಗ ಕೂಳಿಗೆ ಕಡಿಮಿ ಐತೇನು?" ಎಂದನಂತೆ. ಆ ಮಾತು ಇವರ ತಲೆಗೇರಿತು. ಮರುದಿನ ಬೆಳಿಗ್ಗೆ ಅತ್ತೆಯ ಸೂಜಿಡಬ್ಬಿ ಕಸಿದು ಅಂಗಿಯ ಕಿಸೆಗೆ ಇಳಿಸಿದರು.

"ಸಾಕವ್ವ ಇನ್ನ. ಕಣ್ಣ ಕಾಣಂಗಿಲ್ಲ. ವಯಸ್ಸಾತು ನಿನಗ, ಒಂದ ಕಡೆ ಸುಮ್ಮ ಕುಂದ್ರು."

ಇವರು ಆರಿಸಿದ ದಿನವೇ ತಪ್ಪು. ಹುಕ್ಕೇರಿಯ ಉದ್ದವ್ವ ತನ್ನ ಸತ್ತ ತಾಯಿಯ ಸೀರೆಗಳನ್ನು ಕೊಟ್ಟು ಹೊಲಿಸುತ್ತಿದ್ದ ಕೌದಿಯ ಮೂರು ಮೂಲೆ ಮುಗಿದು ನಾಲ್ಕನೆಯದು ಉಳಿದಿತ್ತು. ನಮ್ಮಲ್ಲಿ ಕೊನೆಯ ಮೂಲೆಯೊಳಗೆ ರೊಟ್ಟಿಯ ತುಂಡು ಇಟ್ಟು ಹೊಲಿಯುತ್ತಾರೆ. ಖಾಲಿ ಹೊಟ್ಟೆಯ ಕೌದಿ ಹೊದ್ದವರ ಮನೆಗೆ ಹಸಿವು ತರುತ್ತದಂತೆ. ಆ ಮೂಲೆ ಹೊಲಿಯುವ ದಿನ ಕೌದಿ ಉಂಡ ಮೇಲೆಯೇ ಮನೆಯವರ ಊಟ.

ಅತ್ತೆ ನಾನು ಬಡಿದಿಟ್ಟ ರೊಟ್ಟಿಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೌದಿಯ ಮೇಲೆ ಕೂತಳು. "ಕೌದಿ ಉಂಡಿಲ್ಲ" ಎಂದಳು, ಅಷ್ಟೇ.

ಹನ್ನೊಂದಾಯಿತು, ಒಂದಾಯಿತು. ಇವರು ಅಂಗಡಿಗೂ ಹೋಗಲಿಲ್ಲ. ಖಾನಾವಳಿಯಲ್ಲಿ ಉಣ್ಣಬಹುದಿತ್ತು, ಆದರೆ ಹಸಿದ ಕೌದಿಯನ್ನು ಬಿಟ್ಟು ಉಂಡ ಮಗ ಎನಿಸಿಕೊಳ್ಳುವ ಎದೆಗಾರಿಕೆ ಇರಲಿಲ್ಲ. ಹಸಿದ ಹೊಟ್ಟೆಯಲ್ಲಿ ನಾನು ಇಬ್ಬರನ್ನೂ ಶಪಿಸಿದೆ. ಖರೆ ಹೇಳಬೇಕೆಂದರೆ ಇವರನ್ನು ಹೆಚ್ಚು. ಇಂದು ಅವಳ ಸೂಜಿ ಕಸಿದವರು ನಾಳೆ ನನ್ನನ್ನೂ ಮೂಲೆಗೆ ಕೂಡಿಸುವವರೇ.

ಕೊನೆಗೆ ಇವರು ಸೂಜಿ ತೆಗೆದರು. "ದಾರ ಪೋಣಿಸಿ ತೋರಿಸು. ಆಗಲಿಲ್ಲಂದ್ರ ಇವತ್ತಿಗೆ ನಿನ್ನ ಹೊಲಿಗಿ ಮುಗೀತು."

"ಮೊದಲ ನೀ ಪೋಣಿಸು" ಎಂದಳು.

ಐವತ್ತಮೂರರ ಗಂಡಸು ಕಿಟಕಿಯ ಬೆಳಕಿಗೆ ನಿಂತರು. ಸೂಜಿಯನ್ನು ಹತ್ತಿರ ತಂದರು, ದೂರ ಹಿಡಿದರು, ದಾರಕ್ಕೆ ಎಂಜಲು ಹಚ್ಚಿದರು. ಹತ್ತು ಸಲವೂ ದಾರ ಪಕ್ಕಕ್ಕೇ ಹೋಯಿತು. ಅತ್ತೆ ಕೈ ಚಾಚಿ ಇಸಿದುಕೊಂಡಳು. ಕಣ್ಣು ಮುಚ್ಚಿ, ಹೆಬ್ಬೆರಳ ಉಗುರಿನಿಂದ ಸೂಜಿಯ ಕಣ್ಣು ಹುಡುಕಿ, ಒಂದೇ ಏಟಿಗೆ ಪೋಣಿಸಿದಳು.

"ವಯಸ್ಸಾತು ನಿನಗ" ಎಂದಳು ಮಗನಿಗೆ. "ಒಂದ ಕಡೆ ಸುಮ್ಮ ಕುಂದ್ರು."

ಇವರು ಕೂತರು. ಕೌದಿ ಉಂಡಿತು, ಆಮೇಲೆ ಅತ್ತೆ, ಆಮೇಲೆ ನಾನು. ಮಗನ ತಾಟಿಗೆ ರೊಟ್ಟಿ ಬಿದ್ದದ್ದು ಎಲ್ಲರಿಗಿಂತ ಕೊನೆಗೆ. ಅಂದಿನಿಂದ ಅತ್ತೆ ಸೂಜಿಡಬ್ಬಿಯನ್ನು ರಾತ್ರಿ ನನ್ನ ಹತ್ತಿರ ಕಾಯಲು ಕೊಡುತ್ತಾಳೆ. ಹೊಲಿಯಲು ಇನ್ನೂ ಕೊಟ್ಟಿಲ್ಲ.