ಪಾಳಿಗೆ ಇಟ್ಟ ಚಪ್ಪಲಿ

ಭಾಲ್ಕಿ ಸ್ಟೇಷನ್ ಹಿಂದಿನ ಓಣಿಗೆ ಆ ವರ್ಷ ತಪ್ಪದೆ ಬಂದದ್ದು ಬರ ಒಂದೇ. ಮಳೆ ಬರಲಿಲ್ಲ, ನಳಕ್ಕೆ ನೀರು ಬರಲಿಲ್ಲ, ದುಡಿಯಲು ಹೈದರಾಬಾದಿಗೂ ಪುಣೆಗೂ ಹೋದವರು ದೀಪಾವಳಿಗೂ ಬರಲಿಲ್ಲ. ಎರಡು ಸಾವಿರದ ಹದಿನಾರರ ಜನವರಿ ಹೊತ್ತಿಗೆ ಓಣಿಯ ಅರ್ಧ ಮನೆಗಳಲ್ಲಿ ಬೀಗಗಳೇ ಸಂಸಾರ ಹೂಡಿದ್ದವು. ಉಳಿದವರಿಗೆ ನಾಲ್ಕು ದಿನಕ್ಕೊಮ್ಮೆ ಟ್ಯಾಂಕರ್. ನೀರು ಸಾಲುತ್ತಿರಲಿಲ್ಲ, ಸಾಲಿಗೆ ಮಾತ್ರ ಕೊರತೆಯಿರಲಿಲ್ಲ.

ಆ ಬಿಸಿಲಿನಲ್ಲಿ ಮನುಷ್ಯರು ನಿಲ್ಲುವುದುಂಟೇ? ಅವರ ಪರವಾಗಿ ಚಪ್ಪಲಿಗಳು ನಿಲ್ಲುತ್ತಿದ್ದವು. ತಲೆಗೊಂದು ಜೋಡಿ, ಜೋಡಿಗೆ ಎರಡು ಕೊಡ ನೀರು. ಇದು ಟ್ಯಾಂಕರ್ ಓಡಿಸುವ ಸರ್ದಾರ ಮಾಡಿದ ಕಾಯಿದೆ. ಚಪ್ಪಲಿಗಳನ್ನು ಸಾಲಾಗಿ ಇಟ್ಟು ಜನ ಬೇವಿನ ಮರದ ಕೆಳಗೆ ಬರಿಗಾಲಲ್ಲಿ ಕೂತು ಜಗಳಾಡುತ್ತಿದ್ದರು. ಸಾಲಿನಲ್ಲಿ ಮಾತ್ರ ಪೂರ್ತಿ ಶಾಂತಿ. ಬಾಯಿ ಬಿಟ್ಟ ಚಪ್ಪಲಿಗಳೂ ಅಲ್ಲಿ ಸುಮ್ಮನಿರುತ್ತಿದ್ದವು.

ಓಣಿಯ ಕೊನೆಯ ಮನೆ ಕೇಶರಬಾಯಿಯದು. ಊರಿನ ಒಂದು ಶಾಲೆಯಲ್ಲಿ ಸಿಪಾಯಿ. ಇಪ್ಪತ್ತಾರು ವರ್ಷ ಗಂಟೆ ಬಾರಿಸಿ ಸಾವಿರಾರು ಮಕ್ಕಳನ್ನು ಅವರವರ ಮನೆಗೆ ಕಳಿಸಿದವಳು. ಅವಳ ಮನೆಗೆ ಹೋಗುವ ಮಗು ಒಂದೂ ಇರಲಿಲ್ಲ. ಗಂಡ ಮದುವೆಯಾದ ಆರನೆಯ ವರ್ಷ ಪುಣೆಗೆ ಹೋಗಿದ್ದ. ಆಗ ಬರವೇನೂ ಇರಲಿಲ್ಲ, ಆದರೂ ಅವನು ಬರಲಿಲ್ಲ. ಸಂಜೆ ಒಂದೇ ರೊಟ್ಟಿಗೆಂದು ಹೊತ್ತಿಸಿದರೆ ಒಲೆಗೆ ಅವಮಾನವಾದೀತೆಂದು ಅವಳು ಎರಡು ಬಡಿಯುತ್ತಿದ್ದಳು. ಎರಡನೆಯದು ಮರುದಿನದ ನಾಷ್ಟಾ. ಹೀಗೆ ಇಪ್ಪತ್ತು ವರ್ಷ ತಣ್ಣನೆಯ ರೊಟ್ಟಿಯನ್ನೇ ತಿಂದು ಬೆಳಗು ಮಾಡಿದ್ದಳು.

ದೀಪಾವಳಿ ಮುಗಿದ ವಾರ ಔರಾದದಿಂದ ತಮ್ಮ ಗೋರಖನಾಥ ಬಂದ. ಅವನೂ ಹೆಂಡತಿಯೂ ಹೈದರಾಬಾದಿನ ಕಟ್ಟಡದ ಕೆಲಸಕ್ಕೆ ಹೊರಟಿದ್ದರು; ಐದು ವರ್ಷದ ಮಗಳನ್ನು ಅಕ್ಕನ ಬಳಿ ಬಿಡಬೇಕಿತ್ತು. ಅಜ್ಜಿಯ ಹೆಸರನ್ನೇ ಇಟ್ಟಿದ್ದರಿಂದ ಹುಡುಗಿ ಭಾಗೀರಥಿ. ಭಾಲ್ಕಿಯಲ್ಲಿ ಆ ವರ್ಷ ಕಣ್ಣಿಗೆ ಬಿದ್ದ ಭಾಗೀರಥಿ ಅವಳೊಬ್ಬಳೇ.

ಭಾಗಿ ಹುಟ್ಟುವಾಗಲೇ ಅವಳ ಬೆನ್ನಿನ ಕೆಳಗೆ ನೀರು ತುಂಬಿದ ಚೀಲದಂಥದು ಇತ್ತು. ಬೆನ್ನೆಲುಬು ಅಲ್ಲಿ ಕೂಡಿಕೊಂಡಿರಲಿಲ್ಲ, ಒಳಗಿನ ನರಗಳಿಗೆ ಮರೆಯಿರಲಿಲ್ಲ. ಹತ್ತನೆಯ ದಿನಕ್ಕೆ ಹೈದರಾಬಾದಿನಲ್ಲಿ ಅದನ್ನು ಒಳಗೆ ಸೇರಿಸಿ ಹೊಲಿದಿದ್ದರು. ಕೂಸನ್ನು ವರ್ಷ ವರ್ಷ ತಂದು ತೋರಿಸಿ ಎಂದೂ ಹೇಳಿದ್ದರು. ಎರಡು ವರ್ಷ ತೋರಿಸಿದರು. ಮೂರನೆಯ ವರ್ಷ ಅವಳು ಗೋಡೆ ಹಿಡಿದು ನಡೆದೇಬಿಟ್ಟಳು. ನಡೆಯುವ ಮಗುವನ್ನು ಎತ್ತಿಕೊಂಡು ದವಾಖಾನೆಗೆ ಯಾರು ಹೋಗುತ್ತಾರೆ? ಅಲ್ಲಿಗೆ ಬಿಟ್ಟರು.

ಹೊತ್ತುಹೊತ್ತಿಗೆ ಮೂತ್ರಕ್ಕೆ ಕೂರಿಸದಿದ್ದರೆ ಹುಡುಗಿಗೆ ಬಟ್ಟೆ ಒದ್ದೆಯಾಗುವುದು ತಿಳಿಯುವುದಿಲ್ಲ ಎಂದು ಗೋರಖನಾಥ ತಗ್ಗಿದ ದನಿಯಲ್ಲಿ ಹೇಳಿದ. ಕೇಶರಬಾಯಿಗೆ ಅದೇನು ದೊಡ್ಡದು? ಹೊತ್ತು ಕಾಯುವುದೇ ಅವಳ ಕಸುಬು. ಭಾಗಿಯನ್ನು ಶಾಲೆಗೇ ಕರೆದೊಯ್ದು ಪಕ್ಕದಲ್ಲಿ ಕೂರಿಸಿಕೊಂಡಳು. ಪ್ರತಿ ಗಂಟೆ ಬಾರಿಸಿದ ಮೇಲೆ ಹುಡುಗಿಯ ಕೈಹಿಡಿದು ಬಚ್ಚಲಿಗೆ. ಎರಡೇ ವಾರಕ್ಕೆ ಗಂಟೆ ಕೇಳಿದರೆ ಭಾಗಿ ತಾನಾಗಿ ಏಳುತ್ತಿದ್ದಳು. ಡಿಸೆಂಬರ್ ಪೂರ್ತಿ ಒಂದು ಬಟ್ಟೆಯೂ ಒದ್ದೆಯಾಗಲಿಲ್ಲ. ಮನೆಯಲ್ಲಿ ಎರಡನೆಯ ರೊಟ್ಟಿಯೂ ಬಿಸಿಯಾಗಿಯೇ ಖರ್ಚಾಗತೊಡಗಿತ್ತು. ಹುಡುಗಿ ಒಳಗೊಳಗೇ ಹಾಡಿಕೊಳ್ಳುತ್ತ ಓಡಾಡುವ ಸದ್ದಿಗೆ ಕೇಶರಬಾಯಿ ಕೆಲಸವಿಲ್ಲದಿದ್ದರೂ ಅಡುಗೆಮನೆಯಲ್ಲಿ ಕೂತಿರುತ್ತಿದ್ದಳು.

ಜನವರಿಯಲ್ಲಿ ಗಂಟೆ ಸೋಲತೊಡಗಿತು. ಬಚ್ಚಲಿಗೆ ಹೋಗಿಬಂದ ಹತ್ತೇ ನಿಮಿಷಕ್ಕೆ ಲಂಗ ಒದ್ದೆ, ರಾತ್ರಿ ಹಾಸಿದ ಕೌದಿಯೂ ಒದ್ದೆ. ದಿನಕ್ಕೆರಡು ಕೌದಿ ತೊಳೆಯಲು ನೀರೆಲ್ಲಿ? ಹಗ್ಗದ ಮೇಲಿನ ಕೌದಿಗಳನ್ನು ಎಣಿಸುವವರಿಗೇನೂ ಓಣಿಯಲ್ಲಿ ಬರವಿರಲಿಲ್ಲ. ಬಾಜೂಮನೆಯ ಶಮೀಮ ಮಾತ್ರ ಮೆತ್ತಗೆ, ಪೋರಿಗೆ ತಾಯಿಯ ನೆನಪು ಕಾಡುತ್ತಿರಬೇಕು ಎಂದಳು. ಬೇರೆ ಯಾವ ಮಾತೂ ಕೇಶರಬಾಯಿಯನ್ನು ಇಷ್ಟು ಚುಚ್ಚಿರಲಿಲ್ಲ. ಅಂದಿನಿಂದ ನಾಲ್ಕು ಗಂಟೆಯ ಮೇಲೆ ಹುಡುಗಿಗೆ ನೀರು ಕೊಡುವುದನ್ನೇ ನಿಲ್ಲಿಸಿದಳು.

ಫೆಬ್ರುವರಿಯ ಒಂದು ಟ್ಯಾಂಕರ್ ದಿನ ಅವಳು ತನ್ನ ಜೋಡಿಯ ಪಕ್ಕ ಭಾಗಿಯ ಜೋಡಿ ಇಟ್ಟು ಮರದ ಕೆಳಗೆ ಕೂತಳು. ಸಾಲಿನಲ್ಲಿ ಅಷ್ಟೊಂದು ಚಪ್ಪಲಿಗಳಿದ್ದರೂ ಕಣ್ಣು ಅಲ್ಲೇ ನಿಂತಿತು. ಭಾಗಿಯ ಬಲಗಾಲಿನದು ಅಂಗಡಿಯಿಂದ ತಂದಂತೆಯೇ ಇತ್ತು. ಎಡಗಾಲಿನದರ ಮುಂದಿನ ತುದಿ ಸವೆದು ಅಂಚೇ ಉಳಿದಿರಲಿಲ್ಲ. ಕೊಂಡದ್ದು ಒಂದೇ ದಿನ, ಮೆಟ್ಟಿದ್ದು ಒಬ್ಬಳೇ ಹುಡುಗಿ.

ನೀರು ತುಂಬಿಸಿ ಮನೆಗೆ ಬರುವಾಗ ಭಾಗಿಯನ್ನು ಮುಂದೆ ಬಿಟ್ಟು ತಾನು ಹಿಂದೆ ನಡೆದಳು. ಓಣಿಯ ಧೂಳಿನಲ್ಲಿ ಬಲಗಾಲಿನ ಹೆಜ್ಜೆಗಳು ಬಿಡಿಬಿಡಿಯಾಗಿ ಮೂಡುತ್ತಿದ್ದವು. ಎಡಗಾಲು ಮಾತ್ರ ಗೀರು ಎಳೆಯುತ್ತ ಹೋಗುತ್ತಿತ್ತು. ಕೇಶರಬಾಯಿ ಆ ಗೀರಿನ ಮೇಲೆಯೇ ಕಾಲಿಟ್ಟು, ಅದನ್ನು ಅಳಿಸುತ್ತ ಮನೆ ಮುಟ್ಟಿದಳು.

ತಮ್ಮನಿಗೆ ಫೋನು ಮಾಡಬೇಕಿತ್ತು. ಮಾಡಿದರೆ ಅವನು ಬರುತ್ತಾನೆ, ಬಂದರೆ ಕರೆದೊಯ್ಯುತ್ತಾನೆ. ಇಷ್ಟು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಫೋನನ್ನು ಗೂಡಿನಲ್ಲಿಟ್ಟು, ಎಡಗಾಲಿನ ಚಪ್ಪಲಿಯನ್ನು ಚೀಲದಲ್ಲಿ ಹಾಕಿಕೊಂಡು ಸ್ಟೇಷನ್ ಎದುರು ಕೂರುವ ಹುಸೇನನ ಬಳಿ ಹೋದಳು. ಅವನು ಹಳೆಯ ಟೈರಿನ ತುಂಡು ಕತ್ತರಿಸಿ ತುದಿಗೆ ಅಟ್ಟೆ ಹೊಡೆದುಕೊಟ್ಟ. ಮುಂದಿನ ಟ್ಯಾಂಕರಿಗೆ ಎರಡೂ ಚಪ್ಪಲಿ ಒಂದೇ ಥರ ಕಂಡವು. ಅದರ ಮುಂದಿನದಕ್ಕೆ ಟೈರೂ ಸವೆದಿತ್ತು. ಆ ಮಧ್ಯಾಹ್ನ ಭಾಗಿ ಊಟ ಬಿಟ್ಟು ಗೋಡೆಗೆ ಬೆನ್ನು ಒತ್ತಿಕೊಂಡು ಕೂತಳು.

"ಅತ್ತಿ, ಬೆನ್ನಾಗ ಯಾರೋ ಜಗ್ಗಾಕ ಹತ್ಯಾರ."

"ಯಾರವ್ವಾ?"

"ಒಳಗ ಕುಂತಾರ."

ಶಾಲೆಯ ಗಂಟೆಯನ್ನು ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಬೇರೆಯವರ ಕೈಗೆ ಕೊಟ್ಟು ಅವಳು ಬೀದರ ಬಸ್ ಹತ್ತಿದಳು. ಬಸ್ಸಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಎಲ್ಲರೂ ಗಂಟುಮೂಟೆ ಕಟ್ಟಿ ಹೊರಟವರೇ. ಭಾಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬೀದರ ಇನ್ನೂ ದೂರವಿರಲಿ ಎಂದೂ ಈಗಲೇ ಬರಲಿ ಎಂದೂ ಬಯಸುತ್ತ ಊರಂಚಿನ ನೌಬಾದ ದಾಟಿದಳು.

ಬೀದರಿನ ಡಾಕ್ಟರು ಬೆನ್ನಿನ ಹಳೆಯ ಹೊಲಿಗೆ ನೋಡಿದರು, ಕಾಲು ಮಡಚಿ ನೋಡಿದರು, ಆಮೇಲೆ ಯಾವಾಗಿನಿಂದ ಎಂದು ಕೇಳಿದರು. ಕೇಶರಬಾಯಿಗೆ ತಾರೀಖು ಹೊಳೆಯಲಿಲ್ಲ.

"ಬಟ್ಟಿ ಹಸಿ ಮಾಡ್ಕೊಳ್ಳಾಕ ಹತ್ತಿ ಆರು ಟ್ಯಾಂಕರ್ ಆದವ್ರಿ. ಕಾಲ್ ಎಳೀತಾಳಂತ ಗೊತ್ತಾಗಿ ಎರಡು."

ಡಾಕ್ಟರೂ ಆ ಜಿಲ್ಲೆಯ ನೀರು ಕುಡಿದವರೇ. ಲೆಕ್ಕ ತಿಳಿಯಿತು.

"ಗೊತ್ತಾದ ಮ್ಯಾಲ ಎಂಟು ದಿನ ಏನ್ ಮಾಡಿದ್ರಿ?"

"ಚಪ್ಪಲಿಗಿ ಅಟ್ಟಿ ಹೊಡಸ್ದೆ."

ಅವರು ನಗಲೂ ಇಲ್ಲ, ಬೈಯಲೂ ಇಲ್ಲ. ಕಾಗದದ ಮೇಲೆ ಬೆನ್ನಹುರಿ ಬರೆದು ತೋರಿಸಿದರು. ಕೂಸಿನ ಬೆನ್ನು ಮುಚ್ಚಿ ಹೊಲಿಯುವಾಗ ಒಮ್ಮೊಮ್ಮೆ ಚರ್ಮದ ಒಂದು ಕಣ ಒಳಗೇ ಉಳಿದುಬಿಡುತ್ತದೆ. ಅದು ಹುಟ್ಟಿನಿಂದಲೂ ಇರಬಹುದು, ಯಾರ ತಪ್ಪೆಂದೂ ಹೇಳಲಾಗದು. ಹೊರಗಿನ ಚರ್ಮ ಬೆಳೆಯುವಂತೆ ಅದೂ ಬೆಳೆಯುತ್ತದೆ, ತನ್ನದಲ್ಲದ ಜಾಗದಲ್ಲಿ, ಯಾರಿಗೂ ಕಾಣದೆ. ವರ್ಷಗಳ ಮೇಲೆ ಗಂಟಾಗಿ ನರಗಳನ್ನು ಒತ್ತುತ್ತದೆ. ಬೆನ್ನಹುರಿಯೂ ಗಾಯಕ್ಕೆ ಅಂಟಿಕೊಂಡಿದ್ದರೆ ಮಗು ಬೆಳೆದಂತೆ ಒಳಗೇ ಜಗ್ಗುತ್ತದೆ. ಸ್ಕ್ಯಾನ್ ಆಗಬೇಕು, ಬೇಗ ತೆಗೆಯಬೇಕು, ಹೈದರಾಬಾದಿಗೇ ಹೋಗಬೇಕು. ನೀರು ನಿಲ್ಲಿಸಿದ್ದನ್ನೂ ಕೇಶರಬಾಯಿ ತಾನಾಗಿ ಒಪ್ಪಿಕೊಂಡಾಗ, ಇನ್ನೆಂದೂ ಹಾಗೆ ಮಾಡಬಾರದು, ಈ ಮಕ್ಕಳ ಕಿಡ್ನಿಗೆ ನೀರು ಬೇಕು ಎಂದರು. ಹೊರಗೆ ಬಂದು ಅವಳು ಮಾಡಿದ ಮೊದಲ ಕೆಲಸ ಹುಡುಗಿಗೆ ಒಂದು ಬಾಟಲಿ ನೀರು ಕುಡಿಸಿದ್ದು. ಎರಡನೆಯದು ಗೋರಖನಾಥನಿಗೆ ಫೋನು.

ಸ್ಕ್ಯಾನಿನಲ್ಲಿ ಗಂಟು ಕಂಡಿತು. ಹೈದರಾಬಾದಿನಲ್ಲಿ ತೆಗೆದರು. ಕಡಲೆಕಾಳಿಗಿಂತ ತುಸು ದೊಡ್ಡದು, ಒಳಗೆ ಬೆಳ್ಳನೆಯ ಕೆನೆಯಂಥದು. ಅಂಟಿದ್ದ ಹುರಿಯನ್ನೂ ಬಿಡಿಸಿದರು. ಜಗ್ಗುವವರು ಎದ್ದುಹೋದರು ಎಂದು ಭಾಗಿಯೇ ಹೇಳಿದಳು. ಪಾದದ ಮಾತು ಬೇರೆ. ಅದು ಇದ್ದಲ್ಲೇ ನಿಂತಿತ್ತು. ಮುಂದೆ ಸ್ವಲ್ಪ ಸುಧಾರಿಸಬಹುದು, ಸುಧಾರಿಸದೆಯೂ ಇರಬಹುದು ಎಂದರು.

ದವಾಖಾನೆಯ ಮೆಟ್ಟಿಲ ಮೇಲೆ ಕೇಶರಬಾಯಿ ತಮ್ಮನಿಗೆ ಅಟ್ಟೆಯ ಸಂಗತಿ ಹೇಳಿದಳು. ಯಾಕೆ ಮುಚ್ಚಿಟ್ಟೆ ಎಂಬುದನ್ನೂ ಹೇಳಿದಳು.

"ಅಕ್ಕಾ, ನೀ ಎಂಟು ದಿನ ಮುಚ್ಚಿಟ್ಟಿ. ನಾವು ಮೂರು ವರ್ಷ ತೋರಿಸೇ ಇಲ್ಲ."

ಅದರಿಂದ ಅವಳ ಎಂಟು ದಿನಗಳೇನೂ ಕಡಿಮೆಯಾಗಲಿಲ್ಲ. ಮೂರು ತಿಂಗಳಿಗೊಮ್ಮೆ ತೋರಿಸಬೇಕಾದ್ದರಿಂದ ಭಾಗಿ ಅಪ್ಪ ಅಮ್ಮನ ಜೊತೆ ಅಲ್ಲೇ, ಕಟ್ಟಡದ ಪಕ್ಕದ ತಗಡಿನ ಮನೆಯಲ್ಲಿ ಉಳಿದಳು. ಅವಳಿಗೆ ಹೊಸ ಬೂಟು ಕೊಡಿಸಿದರು. ಹಳೆಯ ಜೋಡಿ ಕೇಶರಬಾಯಿಯ ಚೀಲದಲ್ಲೇ ಭಾಲ್ಕಿಗೆ ವಾಪಸ್ ಬಂತು.

ಏಪ್ರಿಲ್ ಬಂತು. ಟ್ಯಾಂಕರ್ ಆರು ದಿನಕ್ಕೊಮ್ಮೆ ಆಯಿತು. ಕೇಶರಬಾಯಿ ತನ್ನ ಜೋಡಿಯ ಪಕ್ಕ ಆ ಸಣ್ಣ ಜೋಡಿಯನ್ನೂ ಇಟ್ಟಳು. ಇಲ್ಲದ ತಲೆಗೆ ನೀರು ಹೇಗೆ ಎಂದು ಸಾಲಿನಲ್ಲಿ ಯಾರೋ ತೆಗೆದ ತಕರಾರು ಸರ್ದಾರನ ಕಿವಿ ಮುಟ್ಟಿತು. ಅವನು ಕೆಳಗಿಳಿದು ಬಂದು ಚಪ್ಪಲಿ ನೋಡಿದ. ಅವಳು ತಾನಾಗಿಯೇ, ಆ ಜೋಡಿಗೆ ನೀರು ಬೇಡ, ಒಂದು ಕೊಡವೂ ಬೇಡ, ಸಾಲಿನಲ್ಲಿ ಇರಲಿ ಸಾಕು ಎಂದಳು. ಸರ್ದಾರನ ಕಾಯಿದೆಯಲ್ಲಿ ಅದಕ್ಕೆ ಕಲಮು ಇರಲಿಲ್ಲ. ಹೋಗಿ ಪೈಪು ಹಿಡಿದ. ಸಾಲು ಮುಂದೆ ಸರಿದಾಗ ಶಮೀಮ ತನ್ನ ಚಪ್ಪಲಿಯ ಜೊತೆ ಅದನ್ನೂ ಕಾಲಿನಿಂದ ಮೆಲ್ಲಗೆ ಮುಂದಕ್ಕೆ ತಳ್ಳಿದಳು.

ಅದೇ ಹೊತ್ತಿಗೆ ಹೈದರಾಬಾದಿನಿಂದ ಫೋನು ಬಂತು.

"ಅತ್ತಿ, ಟ್ಯಾಂಕರ್ ಬಂದದ?"

"ಬಂದದವ್ವಾ."

"ನನ್ನ ಚಪ್ಪಲಿ?"

"ಪಾಳಿಗಿ ಇಟ್ಟೇನಿ. ನೀ ನೀರ್ ಕುಡದಿಯಿಲ್ಲ?"

ಕುಡಿದೆ ಎಂದಳು ಭಾಗಿ. ತಾಯಿ ಕರೆದಳೆಂದು ಫೋನನ್ನು ಅಲ್ಲೇ ಬಿಟ್ಟು ಓಡಿದಳು. ಫೋನಿನಲ್ಲಿ ಹೆಜ್ಜೆ ಸದ್ದು ಕೇಳಿಸಿತು: ಒಂದು ಹೆಜ್ಜೆ, ಒಂದು ಗೀರು, ಒಂದು ಹೆಜ್ಜೆ, ಒಂದು ಗೀರು. ಅದು ಪೂರ್ತಿ ದೂರವಾಗುವವರೆಗೆ ಕೇಶರಬಾಯಿ ಫೋನು ಇಡಲಿಲ್ಲ. ಆಮೇಲೆ ತನ್ನ ಎರಡು ಕೊಡ ತುಂಬಿಸಿಕೊಂಡು, ಸಣ್ಣ ಜೋಡಿಯನ್ನು ಬಗಲಲ್ಲಿ ಇಟ್ಟುಕೊಂಡು ಮನೆಗೆ ಹೋಗಿ ಎರಡು ರೊಟ್ಟಿಯ ಹಿಟ್ಟು ನಾದಿದಳು.